ಬುಟ್ಟಿಯ ಕೆಳಗಿನ ಇಲಿ

ಜೈನಾಪುರ, ಹೊಲದ ಗುಡಿಸಲಿನಿಂದ
ಮಾಘ ಮಾಸ, ೧೯೪೭

ಅವ್ವಾ, ನಿನ್ನ ಪಾದ ಮುಟ್ಟಿ ಸಾವಂತ್ರವ್ವ ಬರೆಯುವುದು,

ನನ್ನ ಮಗಳು ರೇಣವ್ವ ನಿನ್ನ ಬಳಿ ಇದ್ದಾಳೆಂಬ ಒಂದೇ ಧೈರ್ಯ ನನಗೆ. ಅವಳನ್ನು ಸದ್ಯಕ್ಕೆ ಕಳ್ಳಕವಟಗಿಯ ನಿನ್ನ ಮನೆಯಿಂದ ಕಳಿಸಬೇಡ. ಇಲ್ಲಿ ಪ್ಲೇಗು ಬಂದಿದೆ. ಊರು ಬಿಟ್ಟು, ಇಲಿಬಿಲ ಇಲ್ಲದ ಕಡೆ ನೋಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೇವೆ.

ಊರು ಬಿಡುವ ಮೊದಲು ವಿಜಾಪುರದಿಂದ ಪ್ಲೇಗಿನ ಕೆಲಸದ ಸೈಫುದ್ದೀನ ಎಂಬವರು ಬಂದು, ನಮ್ಮ ಬದುವಿನ ಬಿಲ ಅಗೆದು ಇಲಿಗಳನ್ನು ಹಿಡಿದೊಯ್ದಿದ್ದರು. ಅವನ್ನು ಕೊಯ್ದು, ರಕ್ತವನ್ನು ಗಾಜಿನ ಮೇಲೆ ಸವರಿ ದುರ್ಬೀನಿನಲ್ಲಿ ನೋಡುತ್ತಾರಂತೆ. ಅವುಗಳಲ್ಲಿ ರೋಗ ಸಿಕ್ಕಿತು. "ಮನ್ಯಾಗ ಇಲಿ ಸತ್ತು ಬಿದ್ರ ಮುಟ್ಟಬ್ಯಾಡ್ರಿ, ನಮಗ ಹೇಳ್ರಿ" ಎಂದು ತಿಳಿಸಿ ಹೋದರು. ಮಾವ ಮಾತ್ರ, "ಜ್ವಾಳ ಕೊಯ್ಯೂ ಹೊತ್ತಿನ್ಯಾಗ ಊರ ಬಿಡಸ್ತಾರ, ಯಾರೂ ಬಾಯಿ ಬಿಡಬ್ಯಾಡ್ರಿ" ಎಂದರು.

ಆಮೇಲೊಂದು ದಿನ ಇಲಿಯೊಂದು ತೂರಾಡುತ್ತ ಬಂದು ನಮ್ಮ ಒಲೆಯ ಮುಂದೆಯೇ ಬಿದ್ದು ಸತ್ತಿತು. ಅತ್ತೆ ಬಾಲ ಹಿಡಿದು ತಿಪ್ಪೆಗೆ ಎಸೆದು ಬಂದರು. ನಾನು ಯಾರಿಗೂ ಹೇಳದೆ ತಿಪ್ಪೆಗೆ ಹೋಗಿ, ರೋಗ ಹರಡುವ ಚಿಕ್ಕಾಡು-ಚಿಗಟ ಸಾಯಲೆಂದು ಅದರ ಮೇಲೆ ಚಿಮಣಿ ಎಣ್ಣೆ ಸುರಿದು, ಬುಟ್ಟಿ ಮುಚ್ಚಿ, ಸೈಫುದ್ದೀನರಿಗೆ ಹೇಳಿಕಳಿಸಿದೆ. ಅವರು ಚಿಮಟದಿಂದ ಎತ್ತಿ ಡಬ್ಬಿಗೆ ಹಾಕಿಕೊಂಡು ಹೋದರು. ಅದರಲ್ಲೂ ಪ್ಲೇಗು ಇತ್ತು. ಊರು ಖಾಲಿಯಾಯಿತು.

ಈಗ ಬಾವಿಯ ಹತ್ತಿರ ನನ್ನನ್ನು ಕಂಡರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಾರೆ. "ಈಕೀನ ರೋಗ ಕರಕೊಂಡ ಬಂದಾಳ" ಅನ್ನುತ್ತಾರೆ. ಅನ್ನಲಿ. ಆದರೆ ನಿನ್ನೆಯಿಂದ ಅತ್ತೆಗೆ ಜ್ವರ, ತೊಡೆಸಂದಿಯಲ್ಲಿ ಗಂಟು ಎದ್ದಿದೆ. ಡಾಕ್ಟರು ಗುಳಿಗೆ ಕೊಟ್ಟರು, ಉಳಿಯುತ್ತಾರೆಂದು ಹೇಳಲಿಲ್ಲ. "ನನ್ನ ಮೊಮ್ಮಗಳ್ನ ಒಮ್ಮೆ ತೋರಿಸ್ರಿ" ಎಂದು ಅತ್ತೆ ಕನವರಿಸುತ್ತಾರೆ. ಅದನ್ನು ಕೇಳಲಾರದೆ ನಿನ್ನ ಅಳಿಯ ನಾಳೆ ಮುಂಜಾನೆ ಮಗಳನ್ನು ಕರೆತರಲು ಗಾಡಿ ಹೂಡುತ್ತಾರಂತೆ. ನಾನು ಅವರ ಕಾಲು ಹಿಡಿದೆ. "ಅವ್ವ ಸಾಯಾಕತ್ತಾಳ, ನೀ ಸುಮ್ಮನಿರು" ಎಂದರು.

ಅವರು ಬಂದರೆ ಅಂಗಳದಲ್ಲೇ ಕೂರಿಸಿ ಊಟಕ್ಕೆ ಹಾಕು. ಅವರ ಕಂಬಳಿಯನ್ನು ಒಳಗೆ ಬಿಟ್ಟುಕೊಳ್ಳಬೇಡ. ಎಷ್ಟು ಬೈದರೂ ಮಗುವನ್ನು ಕೊಡಬೇಡ. ಸೈಫುದ್ದೀನರು ಇಂದೇ ತಿಕೋಟಾ ದಾಟಿ ನಿಮ್ಮೂರ ಕಡೆ ಹೊರಟಿದ್ದಾರೆ, ಈ ಪತ್ರ ಅವರ ಕೈಲಿ ಗಾಡಿಗಿಂತ ಮೊದಲೇ ನಿನಗೆ ಮುಟ್ಟುತ್ತದೆ.

ಅಂಜಿಕೊಂಡೇ ಕೂತಿರುವ ನಿನ್ನ ಮಗಳು,
ಸಾವಂತ್ರವ್ವ

ತಾ.ಕ.: ನಾನು ಆರಾಮ ಇದ್ದೇನೆಂದು ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ. ಮುಂಜಾನೆಯಿಂದ ಮೈ ಸುಡುತ್ತಿದೆ, ಬಗಲಲ್ಲಿ ನೋವು. ಇನ್ನೂ ಯಾರಿಗೂ ಹೇಳಿಲ್ಲ. ಜ್ವರ ಏರಿದರೆ ನನಗೂ ಅತ್ತೆಯಂತೆಯೇ ಮಗಳನ್ನು ನೋಡಬೇಕೆನಿಸಬಹುದು. ನಾನೇ ಬಂದು ನಿನ್ನ ಬಾಗಿಲಲ್ಲಿ ನಿಂತು ಅತ್ತರೂ ರೇಣವ್ವನನ್ನು ಹೊರಗೆ ಬಿಡಬೇಡ.