ಸೀತಾಪತಿಯ ಕ್ಯಾಸೆಟ್

೧೪-೧೧-೧೯೮೬, ಶುಕ್ರವಾರ. ಗುಬ್ಬಿ.

ನಾಳೆ ಬೆಂಗಳೂರಿನಿಂದ ಸಾಕ್ಷ್ಯಚಿತ್ರದವರು ಬರುತ್ತಾರೆ. ತಮ್ಮಾ ಸೀತಾಪತಿ, ತೀರಿಹೋದ ನಿನ್ನ ಬಗ್ಗೆಯೇ ಚಿತ್ರವಂತೆ. ನೀನು ಪಂಕ್ ರಾಕ್ ಗಿಟಾರ್ ನುಡಿಸಿದ ಒಂದೇ ಕ್ಯಾಸೆಟ್ ನನ್ನಲ್ಲಿದೆ ಎಂದು ಅವರಿಗೆ ಬರೆದುಬಿಟ್ಟಿದ್ದೆ. ಇವತ್ತು ಹಾಕಿದರೆ ಅಮ್ಮನ ಹಸೆ ಹಾಡು! ಯಾರೂ ಅಳಿಸದಿರಲೆಂದು ನೀನು ಅಂಚಿನ ಪ್ಲಾಸ್ಟಿಕ್ ಚೂರು ಮುರಿದಿಟ್ಟಿದ್ದೆ. ನನ್ನ ಮಗಳ ಮದುವೆಯಲ್ಲಿ ಆ ತೂತಿಗೆ ಕಾಗದ ತುರುಕಿ, ನಿನ್ನ ಗಿಟಾರಿನ ಮೇಲೆಯೇ ಅಮ್ಮನ ಹಾಡು ರೆಕಾರ್ಡ್ ಮಾಡಿದವನು ನಾನೇ. ಎರಡೂ ಕಡೆ ನಾಲ್ಕು ಸಲ ಕೇಳಿದೆ, ದೇವರೇ. ಹಾಡಿನ ಶುರುವಿನಲ್ಲಿ ಎಲ್ಲೋ ದೂರದಲ್ಲಿ ನಿನ್ನ ಗಿಟಾರ್ ತಂತಿಯ ಸದ್ದು.

"ನಿಲ್ಸೋ ಸೀತು, ಹಸೆಮಣೆ ಮುಂದೆ ಏನೋ ಅದು ಕುಯ್ಯೋದು!" ಎಂದು ಅಮ್ಮ ಗದರುತ್ತಾಳೆ.

"ಆಯ್ತು ಕಣಮ್ಮ, ನೀನ್ ಹಾಡು."

ಆಮೇಲೆ ನೀನಿಲ್ಲ. ನಾಳೆ ಅವರಿಗೆ ಏನು ಕೇಳಿಸಲಿ ತಮ್ಮಾ, ನೀನು ಸುಮ್ಮನಾದದ್ದನ್ನೇ...