ಇಳಿಜಾರಿನಲ್ಲಿ ಕೇಳಿದ ನಗು

ಬನ್ನಿಮಂಟಪ, ೯ ನವೆಂಬರ್ ೨೦೨೫, ಭಾನುವಾರ

ಸ್ನಾನ ಮಾಡಿದರೂ ಬೆರಳುಗಳ ನೋವು ಇಳಿದಿಲ್ಲ. ಕಣ್ಣು ಹೋದ ಮೇಲೆ ನಮ್ಮ ಯಜಮಾನರು ಫ್ರೆಡ್ಡಿ, "ನಮ್ಮ ಕ್ಯಾಂಪರ್ ವ್ಯಾನ್ ಮಾರ್ಬುಡು" ಎಂದಿದ್ದರು. ಒಳಗೇ ಅಡುಗೆ ಮಾಡಿ ಮಲಗಬಹುದಾದ ಆ ಗಾಡಿಯನ್ನು ನಾನು ಮಾರದೆ ಓಡಿಸಲು ಕಲಿತೆ. ಇಬ್ಬರು ತುಳಿಯುವ ಸೈಕಲ್ಲೊಂದನ್ನು ಅದರ ಹಿಂದೆ ಕಟ್ಟಿಸಿದೆ.

ಬೆಳಿಗ್ಗೆ ಕೊಡಗಿನಲ್ಲಿ ವ್ಯಾನ್ ನಿಲ್ಲಿಸಿ, ಬೆಟ್ಟದ ಏರಿನಲ್ಲಿ ಸೈಕಲ್ ತಳ್ಳುತ್ತಾ ನಡೆದೆವು. ಇಳಿಜಾರಿನಲ್ಲಿ ನಾನು ಮುಂದೆ ಕೂತೆ, ಇವರು ಹಿಂದೆ. ಹೆದರಿ ಬ್ರೇಕ್ ಹಿಡಿದೇ ಇದ್ದೆ.

"ಬ್ರೇಕ್ ಬುಡು ಮರ್ಲಿನ್, ಗಾಳಿ ಬರ್ಲಿ."

"ಬಿದ್ರೆ ಏನ್ರೀ ಮಾಡೋದು?"

"ಇಬ್ರೂ ಒಟ್ಟಿಗೇ ಬೀಳ್ತೀವಿ ಕಣೆ."

ಸ್ವಲ್ಪ ಸಡಿಲ ಬಿಟ್ಟೆ. ಇವರು ಗಟ್ಟಿಯಾಗಿ ನಕ್ಕುಬಿಟ್ಟರು. ಕಣ್ಣು ಹೋದಂದಿನಿಂದ ಆ ನಗು ಕೇಳಿರಲಿಲ್ಲ. ಮುಂದೆ ತಿರುವು, ಹಿಂದಿರುಗಿ ಮುಖ ನೋಡುವಂತಿರಲಿಲ್ಲ. ದೇವರೇ, ಕೇಳಿಸಿದ್ದೇ ನನಗೆ ಸಾಕು. ಈಗ ಪಕ್ಕದಲ್ಲಿ ಮಗುವಿನ ಹಾಗೆ ಮಲಗಿದ್ದಾರೆ. ಮುಂದಿನ ಸಲ ಬ್ರೇಕನ್ನು ಇನ್ನೂ ಸ್ವಲ್ಪ ಸಡಿಲ ಬಿಡಬೇಕು.