ಕಾರಿನ ಫ್ಯಾನು ಯಾಕೆ ಕೂಗುತ್ತಿತ್ತು

ಪ್ರೀತಿಯ ಅಣ್ಣ,

ಎರಡು ಗಂಟೆ ಹತ್ತು ನಿಮಿಷ. ಎಬ್ಬಿಸಿದ್ದು ಮಗುವಲ್ಲ. ಕೆಳಗೆ ಶೆಡ್ಡಿನಲ್ಲಿ ಕಾರಿನ ಫ್ಯಾನು ಕೂಗುತ್ತಿತ್ತು. ನಿನಗೆ ಗೊತ್ತಲ್ಲ ಅದರ ಕೂಗು, ಹಲ್ಲುನೋವಿನವರು ತುಟಿ ಬಿಗಿದುಕೊಂಡು ನರಳಿದ ಹಾಗೆ. ಆಮೇಲೆ ಟಕ್ ಎಂದು ಸಣ್ಣ ಸದ್ದು. ಫ್ಯಾನು ನಿಂತಿತು, ಇಂಜಿನ್ ಮಾತ್ರ ಓಡುತ್ತಲೇ ಇತ್ತು. ಮತ್ತೆ ಟಕ್, ಮತ್ತೆ ಕೂಗು. ಮತ್ತೆ ಟಕ್. ಕೊನೆಗೆ ಇಂಜಿನ್ನೂ ನಿಂತಿತು.

ಸ್ವಲ್ಪ ಹೊತ್ತಿಗೆ ಇವರು ಮೇಲೆ ಬಂದರು. ಸೋಪು ಹಚ್ಚಿದ ಕೈ ಉಜ್ಜಿಕೊಳ್ಳುತ್ತಾ ಬಾಗಿಲಲ್ಲೇ ನಿಂತು, ಸ್ಟೀರಿಂಗಿನ ಕೆಳಗೆ ಒಂದು ಸ್ವಿಚ್ ಕೂರಿಸಿದ್ದೇನೆ, ಇನ್ನು ನಾನು ಹಾಕಿದರೆ ಮಾತ್ರ ಫ್ಯಾನು ತಿರುಗುತ್ತದೆ ಎಂದರು. ಓಡುವಾಗ ಎದುರುಗಾಳಿ ಇದ್ದೇ ಇರುತ್ತದೆ, ಫ್ಯಾನು ಬೇಕಾಗುವುದೇ ಅಪರೂಪ ಎಂದರು. ಆಮೇಲೆ ದನಿ ತಗ್ಗಿಸಿ, "ಸದ್ದು ಹೋಯ್ತು ಕಣೇ. ಇನ್ನಾದ್ರೂ ಮಲ್ಕೋ" ಎಂದರು. ನನಗಾಗಿ ಮಾಡಿದ್ದು, ಅಣ್ಣ. ಇಡೀ ದಿನ ಕನ್ನಡಕದ ಅಂಗಡಿಯಲ್ಲಿ ನಿಂತ ಮನುಷ್ಯ ನಡುರಾತ್ರಿ ಕಾರಿನೊಳಗೆ ತಲೆಕೆಳಗಾಗಿ ಮಲಗಿ ವೈರು ಎಳೆದಿದ್ದಾರೆ, ಹೆಂಡತಿ ನಿದ್ದೆ ಮಾಡಲಿ ಎಂದು. ನನಗೆ ಕಣ್ಣು ತುಂಬಬೇಕಿತ್ತು. ಏನೂ ಆಗಲಿಲ್ಲ. ಹೂಂ ಎಂದೆ. ಅವರು ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ ಹೊಡೆದರು. ನಾನು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತು ಫೋನಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಫೋನು ಈಗ ಕೋಲ್ಡ್ ಸ್ಟೋರೇಜಿನ ಹೊರಗೆ ಕಪಾಟಿನಲ್ಲಿ ಬೀಗದೊಳಗಿದೆ ಎಂದು ಗೊತ್ತು. ರಾತ್ರಿ ಪಾಳಿಯಲ್ಲಿ ನಾಲ್ಕರ ಬಿಡುವಿಗೆ ನೀನು ಅದನ್ನು ತೆಗೆಯುತ್ತೀಯ, ಟೀ ಕುಡಿಯುತ್ತಾ ನೋಡುತ್ತೀಯ. ಅದಕ್ಕೇ ಕರೆ ಮಾಡದೆ ಬರೆಯುತ್ತಿದ್ದೇನೆ. ಉದ್ದವಾಗಿದೆ ಎಂದು ಅರ್ಧಕ್ಕೆ ಬಿಡಬೇಡ. ಇವರ ಮೇಲಿನ ಸಿಟ್ಟನ್ನು ಆ ಬಿಡುವಿನ ಮಟ್ಟಿಗೆ ಪಕ್ಕಕ್ಕಿಟ್ಟು ಓದು.

ಬೆಳಗಿನ ಐದೂವರೆಗೆ ಇವರು ಮಗುವನ್ನು, ನಮ್ಮ ಗುಬ್ಬಿಯನ್ನು, ಕರೆದುಕೊಂಡು ಆ ಕಾರಿನಲ್ಲಿ ಹೊರಡುತ್ತಾರೆ. ಬೆಟ್ಟದ ಮೇಲೆ, ಅತ್ತೆಯ ಮನೆಗೆ. ಒಂದು ತಿಂಗಳು ಮಗು ಅಲ್ಲೇ ಇರುತ್ತದೆ. ನಾನು ಹೋಗುತ್ತಿಲ್ಲ. ಬಾಣಂತನ ಮುಗಿದ ಮೇಲೂ ನನಗೆ ನಿದ್ದೆ ಹತ್ತಲಿಲ್ಲ ಎಂದು ನಿನಗೆ ಗೊತ್ತು. ಡಾಕ್ಟರಮ್ಮ ಹೇಳಿದ್ದು ಇಷ್ಟೇ, ಮೊದಲು ಈ ಹುಡುಗಿ ಮಲಗಲಿ. ಅತ್ತೆ ಒಳ್ಳೆಯವರು, ಮಗುವನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾರೆ. ನಾನೂ ಒಪ್ಪಿದೆ. ಸಂಜೆ ಬ್ಯಾಗು ತುಂಬಿದೆ, ಬಾಟಲಿ, ಹೊದಿಕೆ, ಹಳದಿ ಟೋಪಿ, ಹಲ್ಲು ಬರುವ ಒಸಡಿಗೆ ಕಚ್ಚಲು ಆ ರಬ್ಬರಿನ ಬಳೆ. ಯಾರದೋ ಮಗುವಿನ ಬಟ್ಟೆ ಮಡಿಸಿದ ಹಾಗಿತ್ತು. ಎದೆಯಲ್ಲಿ ಹಾಲು ಬರುತ್ತದೆ ಅಣ್ಣ, ಅದು ಬಿಟ್ಟು ಇನ್ನೇನೂ ಬರುವುದಿಲ್ಲ. ಅಳುವೂ ಇಲ್ಲ. ನನ್ನ ತಲೆಯಲ್ಲಿ ಸರಿಯಾಗಿ ನಿಂತಿರುವುದು ಒಂದೇ ವಿಷಯ, ಆ ಫ್ಯಾನು. ಅದರ ಬಗ್ಗೆ ನಾನು ಹೇಳುವುದು ಸರಿ. ಅದನ್ನು ನಂಬುವವರು ಮನೆಯಲ್ಲಿ ಯಾರೂ ಇಲ್ಲ.

ಅದನ್ನು ಕೂರಿಸಿದ ಭಾನುವಾರ ನೆನಪು ಮಾಡಿಕೋ. ಗುಜರಿಯಿಂದ ಎಳೆದು ತಂದ ಕಾರಿಗೆ ನೀವಿಬ್ಬರೂ ಬೇರೆ ಇಂಜಿನ್ ಇಳಿಸಿದ್ದಿರಿ. ಇಂಜಿನ್ ಉದ್ದವಾಗಿ, ಅದರ ನೀರು ಆರಿಸುವ ರೇಡಿಯೇಟರಿನ ಹಿಂದೆ ಕೈ ತೂರಲೂ ಜಾಗ ಉಳಿದಿರಲಿಲ್ಲ. ಇಂಜಿನ್ ಕಡೆಯಿಂದ ಗಾಳಿ ಎಳೆಯಲೆಂದು ತಂದಿದ್ದ ಕರೆಂಟಿನ ಫ್ಯಾನನ್ನು ನೀನು ಬಿಚ್ಚಿ, ಮುಂದೆ ಜಾಲರಿಯ ಹಿಂದೆ ಕೂರಿಸಿದೆ, ಹೊರಗಿನಿಂದ ಗಾಳಿ ತಳ್ಳಲಿ ಎಂದು. ನಾನು ಗುಬ್ಬಿಯನ್ನು ಹೆಗಲ ಮೇಲೆ ಹಾಕಿಕೊಂಡು ಟಾರ್ಚು ಹಿಡಿದು ನಿಂತಿದ್ದೆ. ಮೊದಲ ಸಲ ಕರೆಂಟು ಕೊಟ್ಟಾಗ ಗಾಳಿ ನಿನ್ನ ಮುಖಕ್ಕೇ ಬಂತು, ಉಲ್ಟಾ. ಇವರು ನಕ್ಕರು. ನೀನು ಗಾಬರಿಯಾಗಲಿಲ್ಲ. "ನಮ್ಮಲ್ಲಿ ದಿನಾ ಆಗುತ್ತೆ ಭಾವ, ಎರಡು ವೈರು ಅದಲು ಬದಲು, ಮುಗೀತು" ಎಂದೆ. ಹಾಗೇ ಮಾಡಿದೆ. ಗಾಳಿ ಒಳಕ್ಕೆ ಹೋಯಿತು. ಕೂಗು ಶುರುವಾದದ್ದು ಆ ಕ್ಷಣದಿಂದ.

ಆಮೇಲೆ ಆದದ್ದನ್ನು ಇಬ್ಬರೂ ಮರೆತಿಲ್ಲ. "ಇದೇನು ಭಾವಮೈದ, ಕಾರೋ ಹಿಟ್ಟಿನ ಗಿರಣಿಯೋ" ಎಂದು ಇವರು ತಮಾಷೆಗೇ ಕೇಳಿದ್ದು. ಸದ್ದಿಲ್ಲದ ಗಾಳಿ ಬೇಕಾದರೆ ಬೀಸಣಿಗೆ ಇಟ್ಟುಕೋ ಎಂದು ನೀನು ಅಂದದ್ದೂ ತಮಾಷೆಗೇ. ಮೂರು ಭಾನುವಾರ ಕಳೆಯುವುದರೊಳಗೆ ತಮಾಷೆ ಹುಳಿಯಾಯಿತು. ಕನ್ನಡಕಕ್ಕೆ ಸ್ಕ್ರೂ ಹಾಕುವ ಕೈಗೆ ಇಂಜಿನ್ ಸಿಕ್ಕರೆ ಹೀಗೇ ಎಂದು ನೀನು ಹೇಳಬಾರದಿತ್ತು. ಹಣ್ಣು ತಣ್ಣಗಿಡುವವನಿಗೆ ಇಂಜಿನ್ ತಣ್ಣಗಿಡಲು ಬರಲಿಲ್ಲ ಎಂದು ಇವರೂ ಹೇಳಬಾರದಿತ್ತು. ನೀನು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿಕೊಂಡೆ. ನಾನು ಟೀ ಮಾಡಿಟ್ಟಿದ್ದೆ, ನೀನು ಕುಡಿಯದೆ ಹೋದೆ. ನಾನು ಲೋಟಗಳನ್ನು ತೊಳೆದಿಟ್ಟೆ.

ನೀನು ಹೋದ ಮೇಲೆ ಇವರು ಬಿಟ್ಟ ಪ್ರಯತ್ನವಿಲ್ಲ. ಫ್ಯಾನನ್ನು ಕಟ್ಟಲು ರೇಡಿಯೇಟರಿನ ತಗಡಿನ ಎಲೆಗಳ ನಡುವೆ ತೂರಿಸಿದ್ದ ಪ್ಲಾಸ್ಟಿಕ್ ಪಟ್ಟಿ ಅದುರುತ್ತಿರಬಹುದು ಎಂದು ಅದನ್ನು ಕತ್ತರಿಸಿ ಕಬ್ಬಿಣದ ಪಟ್ಟಿ ಬಿಗಿದರು. ಅದರ ಕೆಳಗೆ ರಬ್ಬರ್ ವಾಷರು ಕೊಟ್ಟರು. ಬ್ಲೇಡು ಸುತ್ತಿನ ಬಳೆಗೆ ಉಜ್ಜುತ್ತಿದೆಯೋ ಎಂದು ಸುತ್ತಲೂ ಕಾಗದ ತೂರಿಸಿ ನೋಡಿದರು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಒಂದೊಂದು ರೆಕ್ಕೆಗೂ ಟೇಪಿನ ಚೂರು ಅಂಟಿಸಿ ತೂಕ ಸರಿಮಾಡಿದರು. ಕೊನೆಗೆ ಬೇರಿಂಗೇ ಹೋಗಿದೆ ಎಂದು ಹೊಸ ಮೋಟರು ತಂದು ಹಾಕಿದರು. ಹೊಸ ಮೋಟರೂ ಹಳೆಯದರ ರಾಗವನ್ನೇ ಹಾಡಿತು. ಆ ರಾತ್ರಿ ಅವರು ಊಟಕ್ಕೆ ಕೂತವರು ಅನ್ನ ಕಲಸಿ ಹಾಗೇ ಕೂತಿದ್ದರು.

ಈ ಮನೆಯಲ್ಲಿ ನನ್ನ ಕಿವಿಗೆ ಏನು ಬೆಲೆಯಿದೆ ಎಂದೂ ಹೇಳಬೇಕು. ಮಗುವಿನ ಉಸಿರಿನಲ್ಲಿ ಸಿಳ್ಳೆ ಕೇಳಿಸುತ್ತಿದೆ ಎಂದು ಇವರನ್ನು ಎಬ್ಬಿಸಿದ್ದೇನೆ. ಅದು ಕಿಟಕಿಯ ಸಂದಿಯ ಗಾಳಿ. ಮೆಟ್ಟಿಲ ಮೇಲೆ ಯಾರೋ ಹತ್ತುತ್ತಿದ್ದಾರೆ ಎಂದು ಎಬ್ಬಿಸಿದ್ದೇನೆ. ಪಕ್ಕದ ಮನೆಯ ವಾಷಿಂಗ್ ಮೆಷಿನ್. ಗ್ಯಾಸ್ ಸೋರುತ್ತಿದೆ ಎಂದು ಎಲ್ಲ ಕಿಟಕಿ ತೆರೆಸಿ ಚಳಿಯಲ್ಲಿ ಕೂರಿಸಿದ್ದೇನೆ. ಏನೂ ಇರಲಿಲ್ಲ. ಇವರು ಒಂದು ಸಲವೂ ಬೈಯಲಿಲ್ಲ. ಈಗೀಗ ನಾನು ಬಾಯಿ ತೆರೆದರೆ ಮುಖದಲ್ಲಿ ಒಂದು ತಾಳ್ಮೆ ಬರುತ್ತದೆ, ಅಂಗಡಿಯಲ್ಲಿ ಮುದುಕರು ಅಕ್ಷರ ಕಾಣುತ್ತಿಲ್ಲ ಎಂದಾಗ ತರುವ ತಾಳ್ಮೆ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಮಧ್ಯಾಹ್ನ ಗುಬ್ಬಿ ಜೋಲಿಯಲ್ಲಿ ಮಲಗಿತ್ತು. ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ, ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಕೈಯಲ್ಲಿ ಸೌಟು ಬೋರಲಾಗಿತ್ತು. ಅದರ ಬೆನ್ನಿನಿಂದಲೇ ಪಾತ್ರೆಯ ನೀರು ಮೊಗೆಯುತ್ತಿದ್ದೆ, ನೀರು ಚೆಲ್ಲುತ್ತಿತ್ತು, ಸದ್ದು ಮಾತ್ರ ಜೋರು. ಆಗ ಹೊಳೆಯಿತು. ಕೈಯಿಂದ ತಿರುಗಿಸಿದರೆ ಆ ಫ್ಯಾನು ಚಕಾರ ಎತ್ತುವುದಿಲ್ಲ. ಮೋಟರು ಬದಲಾಯಿಸಿದರೂ ಕೂಗು ಬದಲಾಗಲಿಲ್ಲ. ಹಾಗಾದರೆ ಕೂಗುವುದು ಕಬ್ಬಿಣವೂ ಅಲ್ಲ, ಬೇರಿಂಗೂ ಅಲ್ಲ, ಗಾಳಿಯೇ. ಅದರ ರೆಕ್ಕೆಗಳು ನೇರವಾಗಿಲ್ಲ ಅಣ್ಣ, ಸೌಟಿನ ಹಾಗೆ ಬಾಗಿವೆ. ನೀನು ಫ್ಯಾನನ್ನು ಹಿಂದಿನಿಂದ ಮುಂದಕ್ಕೆ ತಂದಾಗ ಅದರ ಮುಖವೇ ತಿರುಗಿತು. ವೈರು ಬದಲಾಯಿಸಿ ಸುತ್ತುವ ದಿಕ್ಕನ್ನೇನೋ ತಿರುಗಿಸಿದೆ. ರೆಕ್ಕೆಯ ಬಾಗು ಮಾತ್ರ ಹಳೆಯ ದಿಕ್ಕಿಗೇ ಉಳಿಯಿತು. ನಿಮ್ಮ ಗೋದಾಮಿನಲ್ಲಿ ಫ್ಯಾನು ಯಾವಾಗಲೂ ಸರಿಯಾಗೇ ಕೂತಿರುತ್ತದೆ, ತಪ್ಪುವುದು ವೈರು ಒಂದೇ, ಅದಲು ಬದಲು ಮಾಡಿದರೆ ಮುಗಿಯಿತು. ಕಾರಿನಲ್ಲಿ ಅಷ್ಟಕ್ಕೇ ಮುಗಿಯಲಿಲ್ಲ.

ಕೆಳಗೆ ಹೋದೆ. ಗುಬ್ಬಿ ಒಂದೇ ಇರಬಾರದೆಂದು ಎತ್ತಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಇಂಜಿನ್ ಹಚ್ಚಲಿಲ್ಲ, ಬ್ಯಾಟರಿಯಿಂದ ಫ್ಯಾನಿಗಷ್ಟೇ ಕರೆಂಟು ಕೊಟ್ಟೆ. ಜಾಲರಿಯ ಮುಂದೆ ಮಗುವಿನ ಒಂದು ಬಟ್ಟೆ ಹಿಡಿದೆ. ಅದು ಜಾಲರಿಗೆ ಹೋಗಿ ಅಂಟಿಕೊಳ್ಳಬೇಕಿತ್ತು, ತುದಿ ಮಾತ್ರ ಅಲುಗಿತು. ಆಮೇಲೆ ನೀನು ಮಾಡಿದ ಹಾಗೆಯೇ ಎರಡು ವೈರು ಬದಲಾಯಿಸಿದೆ. ಫ್ಯಾನು ಹಿಂದಿನ ದಿಕ್ಕಿಗೆ ತಿರುಗಿತು, ಕೂಗು ನಿಂತೇಹೋಯಿತು. ಬರಿಯ ಗಾಳಿಯ ಸದ್ದು, ಮೆತ್ತಗೆ. ಬಟ್ಟೆ ಪಟಪಟ ಹಾರಿ ನನ್ನ ಮುಖಕ್ಕೆ ಬಿತ್ತು. ಅಷ್ಟು ಗಾಳಿ ಅದರೊಳಗೆ ಇತ್ತು. ಈ ದಿಕ್ಕಿಗೆ ಬಿಟ್ಟರೆ ಗಾಳಿ ಹೊರಕ್ಕೆ ಹೋಗುತ್ತದೆ ಎಂದು ವೈರು ಮೊದಲಿನಂತೆ ಹಾಕಿ ಮೇಲೆ ಬಂದೆ. ನಡುವಿನ ಒಂದು ನಟ್ಟು ಬಿಚ್ಚಬೇಕು, ಬ್ಲೇಡು ತೆಗೆಯಬೇಕು, ಬೆನ್ನು ಮಗುಚಿ ಹಾಕಬೇಕು, ಬಿಗಿಯಬೇಕು. ಆ ನಟ್ಟು ನನ್ನ ಕೈಗೆ ಜಗ್ಗಲಿಲ್ಲ. ಇಲ್ಲದಿದ್ದರೆ ಆವತ್ತೇ ಮುಗಿಯುತ್ತಿತ್ತು, ನಿನಗೆ ಈ ಕಾಗದವೂ ಬರುತ್ತಿರಲಿಲ್ಲ.

ಸಂಜೆ ಇವರು ಬಂದಾಗ ಎಲ್ಲವನ್ನೂ ಹೇಳಿದೆ. ಕ್ರಮವಾಗಿ ಹೇಳಿದೆ ಎಂದುಕೊಂಡಿದ್ದೇನೆ. ಸೌಟಿನಿಂದ ಶುರು ಮಾಡಿದ್ದು ತಪ್ಪಾಯಿತೇನೋ. ಇವರ ಕಿವಿಗೆ ಬಿದ್ದದ್ದು ಬೇರೆ. ಮಗುವನ್ನು ಕಾರಿನಲ್ಲಿ ಮಲಗಿಸಿ ಬ್ಯಾಟರಿಗೆ ಕೈ ಹಾಕಿದೆಯಾ ಎಂದು ಕೇಳಿದರು. ಆ ಮುಖ ಬಂತು, ಅದೇ ತಾಳ್ಮೆ. "ಮಾತ್ರೆ ತಗೊಂಡ್ಯಾ ಇವತ್ತು?" ಎಂದರು. ಆಮೇಲೆ ಬಾಲ್ಕನಿಗೆ ಹೋಗಿ ಅತ್ತೆಗೆ ಫೋನು ಮಾಡಿ, ಮುಂದಿನ ವಾರ ಎಂದಿದ್ದನ್ನು ಇವತ್ತಿನ ಬೆಳಗಿಗೆ ತಂದರು. ನಾನು ಗುಬ್ಬಿಯ ಉಗುರು ಕತ್ತರಿಸುತ್ತಾ ಕೂತಿದ್ದೆ. ಆ ಮಾತು ನನ್ನ ಬಗ್ಗೆ ಎಂದು ತಿಳಿಯುತ್ತಿತ್ತು, ತಟ್ಟುತ್ತಿರಲಿಲ್ಲ.

ಈಗ ನಾನು ಬೇಡ ಎಂದರೆ ಏನಾಗುತ್ತದೆ ಎಂದು ನೀನೇ ಯೋಚಿಸು. ಮಗುವನ್ನು ಬಿಟ್ಟಿರಲಾರದೆ ಕಾರಿನ ಮೇಲೆ ನೆಪ ಹಾಕುತ್ತಿದ್ದಾಳೆ ಎನ್ನುತ್ತಾರೆ. ಕೂಗಾಡಿದರೆ ಇನ್ನೂ ಬೇಗ ಹೊರಡುತ್ತಾರೆ. ಬಾಡಿಗೆ ಗಾಡಿಯಲ್ಲಿ ಹೋಗಿ ಎಂದೆ. ತಾನು ಕಟ್ಟಿದ ಕಾರಿನಲ್ಲಿ ಮಗನನ್ನು ಅಜ್ಜಿಯ ಬಾಗಿಲಿಗೆ ಕರೆದೊಯ್ಯಬೇಕೆಂದು ಅವರಿಗೆ ಆಸೆ. ಅದನ್ನು ಕಿತ್ತುಕೊಳ್ಳುವ ಮಾತು ನನ್ನಲ್ಲಿಲ್ಲ. ನಿಜವಾಗಿ, ಮಗು ಹೋಗಬಾರದು ಎಂದೂ ನನಗಿಲ್ಲ. ಹೋಗಲಿ. ಒಂದು ತಿಂಗಳಲ್ಲ, ಎಷ್ಟು ಬೇಕಾದರೂ ಇರಲಿ. ಬ್ಲೇಡು ತಿರುಗಿಸಿ ಹೋಗಲಿ.

ಸಮತಟ್ಟು ನೆಲದಲ್ಲಿ ಎದುರುಗಾಳಿ ಸಾಕು ಎಂದು ನನಗೂ ಗೊತ್ತು. ಬೆಟ್ಟದ ತಿರುವುಗಳಲ್ಲಿ ಗಾಡಿ ಎರಡನೇ ಗೇರಿನಲ್ಲಿ ತೆವಳುತ್ತದೆ, ಮುಂದೊಂದು ಲಾರಿ ಸಿಕ್ಕಿದರೆ ನಿಂತೇಬಿಡುತ್ತದೆ. ಆಗ ಇವರು ಸ್ವಿಚ್ ಹಾಕುತ್ತಾರೆ. ಫ್ಯಾನು ಕೂಗುತ್ತದೆ, ಕೂಗುತ್ತಿದೆಯಲ್ಲ ಎಂದು ಇವರಿಗೆ ಧೈರ್ಯ. ಗಾಳಿ ಇರುವುದಿಲ್ಲ. ಹಿಂದೆ ಗುಬ್ಬಿ ಅಳುತ್ತಿರುತ್ತದೆ, ಒಂದು ಕಣ್ಣು ಅಲ್ಲಿ, ಒಂದು ಕಣ್ಣು ರಸ್ತೆಯಲ್ಲಿ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡಲು ಮೂರನೆಯ ಕಣ್ಣು ಯಾರಿಗಿದೆ? ನೀರು ಕುದಿದು ಗಾಡಿ ನಿಂತರೆ ಇವರು ಆರುವ ತನಕ ಕಾಯುವವರಲ್ಲ, ನಿನಗೇ ಗೊತ್ತು. ಮೊದಲ ಭಾನುವಾರ ರೇಡಿಯೇಟರಿನ ಬಿಸಿ ಮುಚ್ಚಳ ತಿರುಗಿಸಲು ಹೋದವರನ್ನು, ಕುದಿನೀರು ಚಿಮ್ಮುತ್ತದೆ ಎಂದು ತೋಳು ಹಿಡಿದು ಎಳೆದದ್ದು ನೀನು. ಇವತ್ತು ಎಳೆಯುವವರು ಯಾರೂ ಇರುವುದಿಲ್ಲ. ಇನ್ನೊಂದು ತೋಳಿನಲ್ಲಿ ಮಗುವಿರುತ್ತದೆ.

ಇಷ್ಟನ್ನೂ ಯಾರೋ ಹೇಳಿದ್ದನ್ನು ಬರೆದುಕೊಳ್ಳುವವಳ ಹಾಗೆ ಬರೆಯುತ್ತಿದ್ದೇನೆ. ಅದಕ್ಕೇ ನಿನ್ನನ್ನು ಕೇಳುತ್ತಿರುವುದು. ನಾನು ಅತ್ತಿದ್ದರೆ ನೀನು ಬೇಗ ನಂಬುತ್ತಿದ್ದೆಯೇನೋ. ಅಳದವಳ ಮಾತನ್ನು ಒಂದು ಸಲ ನಂಬು. ನಿನ್ನ ಗೋದಾಮಿನ ಯಾವುದಾದರೂ ಫ್ಯಾನಿನ ರೆಕ್ಕೆಯ ಮೇಲೆ ಕೈಯಾಡಿಸಿ ನೋಡು, ಬಾಗು ಯಾವ ಕಡೆಗಿದೆ ಎಂದು. ನನ್ನ ಮೇಲೆ ನಂಬಿಕೆ ಬಾರದಿದ್ದರೆ ಅದಾದರೂ ಹೇಳುತ್ತದೆ.

ಆಮೇಲೆ ಇವರಿಗೆ ಫೋನು ಮಾಡು. ನನಗಲ್ಲ, ಇವರಿಗೆ. ತಂಗಿ ಹೇಳಿದಳು ಎನ್ನಬೇಡ, ನನ್ನ ಹೆಸರು ಎತ್ತಿದರೆ ಅಲ್ಲಿಗೇ ನಿಲ್ಲುತ್ತದೆ. "ಭಾವ, ಬ್ಲೇಡು ಮಗುಚೋದು ನಾನೇ ಮರೆತೆ" ಎನ್ನು. ಅಷ್ಟೇ ಸಾಕು. ನಿನ್ನ ಬಾಯಿಂದ ಆ ಮಾತು ಬರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು, ನಾನೂ ಅದೇ ಮನೆಯ ಅನ್ನ ತಿಂದು ಬೆಳೆದವಳು. ಇವರು ಚುಚ್ಚಿ ಏನಾದರೂ ಅಂದರೆ ಅನ್ನಿಸಿಕೋ. ನಕ್ಕರೆ ನಗಲಿ. ಫೋನು ಇಡುವ ಮೊದಲು ಆ ನಟ್ಟು ಯಾವ ಕಡೆಗೆ ತಿರುಗುತ್ತದೆ ಎಂದು ಹೇಳು, ಇಲ್ಲದಿದ್ದರೆ ಬಲವಾಗಿ ತಿರುಗಿಸಿ ಮುರಿದಾರು.

ಮೊದಲ ಸಲ ಎತ್ತದಿದ್ದರೆ ಮತ್ತೆ ಮಾಡು. ನಿದ್ದೆಗಣ್ಣಿನಲ್ಲಿ ಕತ್ತರಿಸಿದರೆ ಮತ್ತೆ ಮಾಡು. ಅವರ ಫೋನನ್ನು ದಿಂಬಿನ ಪಕ್ಕ ತಂದು, ಸದ್ದು ಜೋರಾಗಿರಿಸಿ ಇಟ್ಟಿದ್ದೇನೆ. ನಿನಗೆ ಎಲ್ಲವೂ ಒಳ್ಳೆಯದಾಗಲಿ ಅಣ್ಣ, ನಿನ್ನ ಕೈಗೆ ನೋವಾಗದಿರಲಿ, ನೀನು ಮುಟ್ಟಿದ ಯಂತ್ರಗಳೆಲ್ಲ ನೂರು ವರ್ಷ ಓಡಲಿ. ಬಿಡುವು ಮುಗಿದು ಒಳಗೆ ಹೋಗುವ ಮುಂಚೆ, ಬೆಳಕು ಹರಿಯುವ ಮುಂಚೆ, ಒಂದೇ ಒಂದು ಫೋನು ಮಾಡು.

ಕಾಯುತ್ತಾ,
ನಿನ್ನ ತಂಗಿ